ದಾನಮ್ಮನ ಬೆನ್ನಿಗಿದ್ದ ಸೋರೆ ಬುರುಡೆ

ನಾನೊಂದು ಒಣ ಸೋರೆ ಬುರುಡೆ. ಹುಟ್ಟಿದ್ದು ಗುರುಬಾಯಿಯ ಹಿತ್ತಲಿನ ಬೇಲಿಯ ಮೇಲೆ. ಜೊತೆಗಿದ್ದವರೆಲ್ಲ ಎಳೆತನದಲ್ಲೇ ಪಲ್ಯವಾಗಿ ಹೋದರು. ನಾನು ಎಲೆಯ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬಲಿತು, ಒಣಗಿ, ಹಗುರಾದೆ. ಗುರುಬಾಯಿ ನನಗೆ ಹಗ್ಗದ ಬಲೆ ಹೆಣೆದಳು. ಓಣಿಯ ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತರು. ಕಲಿತ ಮೇಲೆ ಒಬ್ಬಳಾದರೂ ನನ್ನತ್ತ ತಿರುಗಿ ನೋಡಿದ್ದರೆ ಕೇಳಿ!

ಗುರುಬಾಯಿಯ ಅಣ್ಣನ ಮಗಳು ದಾನಮ್ಮ ಮಾತ್ರ ಬಾವಿಯ ಕಡೆ ಸುಳಿದವಳಲ್ಲ. ನಸುಕಿಗೆ ಅಪ್ಪ ಎಬ್ಬಿಸಿದ್ದೇ ತಡ, ಅವಳದು ಓಟವೇ ಓಟ. ಐದು ಸಾವಿರ ಮೀಟರಿನಲ್ಲಿ ಜಿಲ್ಲೆಗೇ ಮೊದಲು. ಅಂಥವಳು ಒಂದು ಬೆಳಿಗ್ಗೆ ಕುಂಟುತ್ತ ಬಂದಳು. ಮೊಣಕಾಲಿನ ಕೆಳಗಿನ ಎಲುಬು ಸಣ್ಣಗೆ ಸೀಳಿತ್ತು. ಎಂಟು ವಾರ ಓಡಕೂಡದು, ದಮ್ಮು ಉಳಿಯಬೇಕಾದರೆ ಈಜು ಎಂದಿದ್ದರಂತೆ ಡಾಕ್ಟರು. ರಾಜ್ಯ ತಂಡದ ಆಯ್ಕೆ ಓಟಕ್ಕೆ ಉಳಿದದ್ದು ಮೂರೇ ತಿಂಗಳು. ಈ ಸಲವೂ ಆಯ್ಕೆಯಾಗದಿದ್ದರೆ ಓಟ ಸಾಕು ಎಂದು ಅವಳ ಅಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದ.

ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿದಳು. ಎಂಥ ಕಾಲುಗಳು ಅವು, ಏನು ಹೇಳಲಿ! ರಸ್ತೆಯ ಮೇಲೆ ಊರುವಂತೆಯೇ ಪಾದ ಸೆಟೆಸಿ ಒದೆಯುತ್ತಿದ್ದಳು. ನೀರೆಲ್ಲ ಮೇಲೆ ಹಾರುತ್ತಿತ್ತು, ಅವಳು ಇದ್ದಲ್ಲೇ ಇರುತ್ತಿದ್ದಳು. ಕಾಲು ಸಡಿಲ ಬಿಡು ಎಂದು ಹೇಳಿ ಹೇಳಿ ಗುರುಬಾಯಿಯ ಗಂಟಲು ಒಣಗಿತು. ಹದಿನೈದು ದಿನಕ್ಕೆ ಪಾದ ಬಗ್ಗಿತು. ಈ ಗೋಡೆಯಿಂದ ಆ ಗೋಡೆಗೆ ಸಲೀಸಾಗಿ ಹೋಗತೊಡಗಿದಳು.

ಆದರೂ ಅವಳಿಗೆ ಸಮಾಧಾನವಿಲ್ಲ. ಮೈ ಬೆವರದ ಮೇಲೆ ಇದೆಂಥ ಕಸರತ್ತು ಎಂಬ ಅನುಮಾನ. ಒಂದು ದಿನ ಯಾರಿಗೂ ಹೇಳದೆ ಕಾಲುವೆ ರಸ್ತೆಯಲ್ಲಿ ಮೂರು ಮೈಲಿ ಓಡಿಯೇಬಿಟ್ಟಳು. ಮರುದಿನ ಬಾವಿಯ ಮೆಟ್ಟಿಲು ಇಳಿಯಲೂ ಆಗಲಿಲ್ಲ. ಗುರುಬಾಯಿ ಚೆನ್ನಾಗಿ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ದಾನಮ್ಮನನ್ನು ಹಿಡಿದು ನೀರಿಗಿಳಿಸಿ, ಕಾಲಾಡಿಸದೆ ಬರೀ ಕೈಯಲ್ಲಿ ನಾಲ್ಕು ಸುತ್ತು ಈಜಿಸಿ, ಅವಳ ಅಂಗೈಯನ್ನು ಅವಳ ಎದೆಗೇ ಒತ್ತಿದಳು.

“ನೀರಾಗ ಬೆವರು ಕಾಣಂಗಿಲ್ಲಬೇ. ಇದು ಹೆಂಗ ಬಡಕೊಳ್ಳಾಕತ್ತೈತಿ ನೋಡು. ನೀ ಇಲ್ಲೂ ಓಡಾಕತ್ತಿ.”

ದಾನಮ್ಮ ಮೆಟ್ಟಿಲ ಮೇಲೆ ಕೂತು ನನ್ನನ್ನು ತಬ್ಬಿಕೊಂಡು ಅತ್ತಳು. ನನಗೂ ಕರುಳು ಚುರುಕ್ಕೆಂದಿತು, ಒಳಗಿದ್ದದ್ದು ಬರೀ ಬೀಜಗಳಾದರೂ.

ಆ ಮೂರು ಮೈಲಿಯಿಂದ ಎಲುಬು ಕೂಡಲು ಹತ್ತು ದಿನ ಹೆಚ್ಚು ಹಿಡಿಯಿತು. ಅವಳು ಮತ್ತೆ ರಸ್ತೆಯ ಸುದ್ದಿಗೆ ಹೋಗಲಿಲ್ಲ. ಏಳನೆಯ ವಾರ ನಾನಿಲ್ಲದೆ ಈಜುವ ಹುಮ್ಮಸ್ಸಿನಲ್ಲಿ ನನ್ನನ್ನು ಬಿಚ್ಚಿ ಎಸೆದಳು. ಕಲ್ಲಿಗೆ ಬಡಿದು ನನ್ನ ಮೈ ಬಿರಿಯಿತು. ಪಾಪ ಅನ್ನಿಸಿರಬೇಕು, ತನ್ನ ಮನೆಗೆ ತಂದು ಅಡುಗೆಮನೆಯ ಗೂಟಕ್ಕೆ ನೇತುಹಾಕಿದಳು. ಮುಪ್ಪಿಗೆ ಈ ಜಾಗ ಸಾಲದೇ? ಇಲ್ಲಿದ್ದುದಕ್ಕೇ ಆಯ್ಕೆ ಓಟದ ಸಂಜೆಯ ಮಾತು ಕೇಳಿದೆ.

ಆಯ್ಕೆ ಓಟದಲ್ಲಿ ದಾನಮ್ಮ ಮೂರನೆಯವಳಾದಳು. ತಂಡಕ್ಕೆ ಬೇಕಾದದ್ದು ಇಬ್ಬರೇ. ಅಷ್ಟರಲ್ಲಿ ನೆಲದ ಮೇಲೆ ಓಡಿದ್ದು ಮೂರೇ ವಾರ. ಆದರೂ ಕೊನೆಯ ಸುತ್ತಿನಲ್ಲಿ ಐವರನ್ನು ಹಿಂದೆ ಹಾಕಿದಳಂತೆ. ಓಟ ನೋಡಲು ಅಪ್ಪನೂ ಹೋಗಿದ್ದ. ಇಬ್ಬರೂ ಊಟಕ್ಕೆ ಕೂತರು. ದಾನಮ್ಮ ರೊಟ್ಟಿ ಮುಟ್ಟಲಿಲ್ಲ. ಇವಳ ಓಟ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅಪ್ಪ ನೀರು ಕುಡಿದು ತಂಬಿಗೆ ಕೆಳಗಿಟ್ಟ.

“ಮುಂಜಾನೆ ಎಷ್ಟಕ್ಕ ಎಬ್ಬಸಲಿ?” ಎಂದ.

ದಾನಮ್ಮ ತಟ್ಟೆ ಹತ್ತಿರ ಎಳೆದುಕೊಂಡಳು. “ಐದಕ್ಕ” ಎಂದು ರೊಟ್ಟಿ ಮುರಿದಳು.