ಏಳು ಕುಂಡಗಳ ತಪಾಸಣೆ

ಯಾವ ಸಂಸಾರದ ಚರಿತ್ರೆಯಲ್ಲಾದರೂ ಕೆಲವು ದೊಡ್ಡ ದಿನಗಳಿರುತ್ತವೆ: ಮದುವೆಯಾದದ್ದು, ಮನೆ ಕಟ್ಟಿಸಿದ್ದು, ಮಗಳನ್ನು ಕೊಟ್ಟದ್ದು. ಚೆಕಿಂಗ್ ಸಾಹೇಬರ ಸಂಸಾರದಲ್ಲಿ ಇವೆಲ್ಲಕ್ಕಿಂತ ಗಂಭೀರವಾದ ದಿನವೆಂದರೆ, ಮಹಡಿಯ ಮೇಲಿನ ಏಳು ಚೆರ್ರಿ ಟೊಮೆಟೊ ಕುಂಡಗಳಿಗೆ ಅವರು ಬಿಳಿ ಬಣ್ಣದಲ್ಲಿ ನಂಬರು ಬರೆದ ದಿನ.

ಸಾಹೇಬರು ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕೆಲಸ ಬಿಟ್ಟಿತ್ತು, ಅನುಮಾನ ಬಿಟ್ಟಿರಲಿಲ್ಲ. ಹಾಲಿನವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ ಮೇಲೆಯೇ ಪಾತ್ರೆ ಒಡ್ಡುತ್ತಿದ್ದರು.

ಈ ಸಲದ ತಪಾಸಣೆಗೆ ಕಾರಣ ಹೆಂಡತಿಯ ನಾಲಗೆ. ಮೂರು ವಾರ ಜ್ವರದಲ್ಲಿ ಮಲಗಿ ಎದ್ದ ಮೇಲೆ ಆಕೆಯ ಬಾಯಿ ಕೆಟ್ಟುಹೋಗಿತ್ತು. ಏನು ತಿಂದರೂ ಮರದ ಹೊಟ್ಟು ಅಗಿದ ಹಾಗೆ ಅನಿಸಿ ಎರಡು ತುತ್ತಿಗೇ ತಟ್ಟೆ ಸರಿಸುತ್ತಿದ್ದರು. ಬೆರಳಿನ ಉಂಗುರ ತಾನಾಗಿ ಜಾರಿ ಪಾತ್ರೆಯೊಳಗೆ ಬೀಳುವಷ್ಟು ಸೊರಗಿದ್ದರು. ಹೀಗಿರುವಾಗ ಒಂದು ದಿನ ಟೈಲರ್ ಬೀಗರ ಮನೆಗೆ, ಅಂದರೆ ಮಗಳ ಮಾವನ ಮನೆಗೆ ಹೋದಾಗ, ಅವರ ಬಾಲ್ಕನಿಯ ಗಿಡದಿಂದ ಗೋಲಿಯಷ್ಟು ದಪ್ಪದ ಕಿತ್ತಳೆ ಬಣ್ಣದ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡರು. ಆಮೇಲೆ ಇನ್ನೊಂದು. ಹೀಗೆ ಏಳು.

"ರೀ, ಮೊದಲು ಹುಳಿ, ಆಮೇಲೆ ಸಿಹಿ. ಎರಡೂ ಗೊತ್ತಾಯ್ತು!"

ಸಾಹೇಬರು ಅಲ್ಲಿಯೇ ವಿಚಾರಣೆ ಶುರುಮಾಡಿದರು. "ಬೀಗರೇ, ಇದು ಯಾವ ತಳಿ?"

"ಯಾವುದೋ ಹೈಬ್ರಿಡ್ಡು. ಹೆಸರು ಕಟ್ಕೊಂಡು ಏನು ಮಾಡ್ತೀರಾ? ಬೀಜಾನೇ ಕೊಡ್ತೀನಿ ಬಿಡಿ," ಎಂದ ಬೀಗರು ಹೊಲಿಗೆ ಯಂತ್ರದ ಕಡೆ ನೋಡಿದರು. ಟಿಕೆಟ್ ಇಲ್ಲದವನು ಕಿಟಕಿಯ ಹೊರಗೆ ನೋಡುತ್ತಾನೆ. ಇದು ಸಾಹೇಬರ ವೃತ್ತಿಜೀವನದ ಮೊದಲ ಪಾಠ.

ವಾರದ ನಂತರ ಅಳತೆ ಬರೆಯುವ ಚೀಟಿಯಲ್ಲಿ ಮಡಚಿದ ಬೀಜ ಬಂತು. ಅದೊಂದನ್ನೇ ನಂಬಿ ಕೂರುವ ಆಸಾಮಿ ಸಾಹೇಬರಲ್ಲ. ಅಂಗಡಿಯಿಂದ ಮೂರು ಹೈಬ್ರಿಡ್ ಪೊಟ್ಟಣಗಳನ್ನೂ ತಂದರು: ಸಿಹಿಮುತ್ತು, ಹೊನ್ನಗುಂಡು, ಕಪ್ಪುಚೆಲುವೆ. ಪೊಟ್ಟಣದ ಹಿಂಬದಿಯನ್ನು ಭೂತಗನ್ನಡಿ ಹಿಡಿದು ಓದಿದರು. 'ಈ ಹಣ್ಣಿನ ಬೀಜವನ್ನು ಮತ್ತೆ ಬಿತ್ತಬೇಡಿ' ಎಂದಿತ್ತು.

"ನೋಡೇ, ಹೇಗಿದೆ ಇವರ ಆಟ! ವರ್ಷ ವರ್ಷ ಪೊಟ್ಟಣ ಮಾರಬೇಕಲ್ಲ!" ಎಂದು ನಕ್ಕು, ಬೀಜ ಸುರಿದುಕೊಂಡು ಖಾಲಿ ಪೊಟ್ಟಣಗಳನ್ನು ಕಸದ ಬುಟ್ಟಿಗೆ ಎಸೆದರು.

ಬೀಗರ ಬೀಜದ ಗಿಡಗಳು ಒಂದರಿಂದ ನಾಲ್ಕನೆಯ ಕುಂಡದಲ್ಲಿ, ಅಂಗಡಿಯವು ಉಳಿದ ಮೂರರಲ್ಲಿ ಬೆಳೆದವು. ನೋಟುಬುಕ್ಕಿನಲ್ಲಿ ಗೊಂಚಲಿಗೆ ಎಷ್ಟು ಹಣ್ಣು, ಸಿಪ್ಪೆ ಎಷ್ಟು ದಪ್ಪ, ಸಿಹಿ ಹತ್ತಕ್ಕೆ ಎಷ್ಟು ಎಂದು ಗೆರೆ ಎಳೆದಿಟ್ಟರು. ಮೊದಲು ಕೆಂಪಾದದ್ದು ಸಿಹಿಮುತ್ತು. ಹೆಂಡತಿ ಅಗಿದು, "ಸಕ್ಕರೆ ನೀರು," ಎಂದರು. ಹೊನ್ನಗುಂಡು ಗೊಂಚಲಿಗೆ ಇಪ್ಪತ್ತು ಬಿಟ್ಟಿತು, ನೋಡಲು ಲಕ್ಷಣ. "ಒಳಗೆ ಏನೂ ಇಲ್ಲ. ನಿಮ್ಮ ತಮ್ಮನ ಹಾಗೆ." ಕಪ್ಪುಚೆಲುವೆಗೆ ಮಾತ್ರ ತುಸು ಯೋಚಿಸಿ, "ಪರವಾಗಿಲ್ಲ, ಆದರೆ ಅದಲ್ಲ," ಎಂದು ತಟ್ಟೆ ಸರಿಸಿದರು.

ಇನ್ನು ಬೀಗರ ನಾಲ್ಕು ಕುಂಡಗಳು. ಒಂದನೆಯದು ಚರ್ಮದಂಥ ಸಿಪ್ಪೆಯ ಕೆಂಪು. ಎರಡನೆಯದು ಪೆಚ್ಚು ಹಳದಿ. ಮೂರನೆಯದನ್ನು ಕಚ್ಚಿದರೆ ಕಣ್ಣು ತಾನಾಗಿ ಮುಚ್ಚುವಷ್ಟು ಹುಳಿ. ನಾಲ್ಕನೆಯದು ಕಿತ್ತಳೆಯೇನೋ ಹೌದು, ಆದರೆ ನೀರು ಹಾಕಿದ ಮರುದಿನವೇ ಹಣ್ಣೆಲ್ಲ ಬಿರಿದು ಬಾಯಿ ತೆರೆದುಕೊಂಡಿತು. ಸಾಹೇಬರು ರುಚಿಯನ್ನೂ ನೋಡದೆ ನೋಟುಬುಕ್ಕಿನಲ್ಲಿ ಅದರ ಮೇಲೆ ಗೀಟು ಹೊಡೆದರು.

"ಒಂದೇ ಚೀಟಿ, ನಾಲ್ಕು ಊರಿನ ಟಿಕೆಟ್ಟು. ಬೇಕಂತಲೇ ಬೆರಕೆ ಮಾಡಿ ಕೊಟ್ಟಿದ್ದಾನೆ. ಒಳ್ಳೇದು ತನ್ನ ಮನೇಲೇ ಇರಲಿ ಅಂತ."

"ಮಗಳನ್ನ ಕೊಟ್ಟ ಮನೆ ರೀ ಅದು. ಟೊಮೆಟೊಗೋಸ್ಕರ ಜಗಳ ಆಡ್ಬೇಡಿ," ಎಂದರು ಹೆಂಡತಿ. ಹಾಗೆಂದವರು ಆ ಮಧ್ಯಾಹ್ನ ಊಟವನ್ನೇ ಮಾಡಲಿಲ್ಲ. ಅದನ್ನು ನೋಡಿದ ಸಾಹೇಬರಿಗೆ ತಡೆಯಲಾಗಲಿಲ್ಲ.

ಮರುದಿನ ಬೆಳಗ್ಗೆ ಹೇಳದೆ ಕೇಳದೆ ಬೀಗರ ಮನೆಗೆ ಹೊರಟರು. ಮೊದಲೇ ತಿಳಿಸಿ ಹೋದರೆ ತಪಾಸಣೆಯಲ್ಲಿ ಯಾರೂ ಸಿಕ್ಕಿಬೀಳುವುದಿಲ್ಲ. ಬಾಲ್ಕನಿಯ ಕುಂಡಗಳ ಮೇಲೆ ಹಳೆಯ ಪರದೆಯೊಂದನ್ನು ಹೊದಿಸಿತ್ತು.

"ಬೀಗರೇ, ಬಿಸಿಲು ಜಾಸ್ತಿ ಅಂತ..." ಎನ್ನುತ್ತ ಟೈಲರ್ ಅಡ್ಡ ನಿಂತರು.

"ಬಿಸಿಲೇ ಇಲ್ವಲ್ಲ," ಎಂದು ಸಾಹೇಬರು ಪರದೆ ಎಳೆದರು.

ಅಲ್ಲಿದ್ದದ್ದೂ ಬೆರಕೆಯೇ. ಒಂದು ಗಿಡದಲ್ಲಿ ಕೆಂಪು, ಪಕ್ಕದ್ದರಲ್ಲಿ ಹಳದಿ, ಮೂಲೆಯದರಲ್ಲಿ ಮೊಂಡು ಹಸಿರು. ಆ ಕಿತ್ತಳೆ ಹಣ್ಣು ಒಂದೂ ಇರಲಿಲ್ಲ.

ಟೈಲರ್ ಕುರ್ಚಿಯ ಮೇಲೆ ಕುಸಿದರು. "ಹೋದ ಸಲದ ಹಣ್ಣಿಂದಲೇ ಬೀಜ ತೆಗೆದೆ, ಬೀಗರೇ. ನಿಮಗೂ ಅದೇ ಕೊಟ್ಟೆ. ಪೊಟ್ಟಣ ಎಸೆದುಬಿಟ್ಟಿದ್ದೆ, ಹೆಸರು ನೆನಪಿರಲಿಲ್ಲ, ಹೇಳೋಕೆ ನಾಚಿಕೆ. ಈಗ ನೋಡಿದ್ರೆ ಹೀಗೆ. ನಿಜ ಹೇಳ್ಲಾ? ನಿಮ್ಮ ಮೇಲೇ ಅನುಮಾನ ಬಂತು. ಅವತ್ತು ನೀವೊಬ್ಬರೇ ಗಿಡದ ಹತ್ತಿರ ಹತ್ತು ನಿಮಿಷ ನಿಂತಿದ್ರಿ, ಏನಾದ್ರೂ ಮಾಡಿದ್ರೇನೋ ಅಂತ."

"ನನ್ನ ಮೇಲೆ? ನಾನು ಎಲೆ ಎಣಿಸ್ತಿದ್ದೆ!"

ಬೀಗಿತ್ತಿ ಅಡುಗೆಮನೆಯಿಂದಲೇ ಕೂಗಿದರು. "ಮತ್ತೆ ಬಿತ್ತಬೇಡಿ ಅಂತ ಪೊಟ್ಟಣದ ಹಿಂದೆ ಬರೆದಿತ್ತು, ಬಡ್ಕೊಂಡೆ. ಎರಡು ಜಾತಿ ಕೂಡಿಸಿ ಮಾಡಿದ್ದು ಅದು. ಮೊದಲ ತಲೆಮಾರು ಒಂದೇ ಥರ, ಅದರ ಮಕ್ಕಳು ಒಂದೊಂದು ಒಂದೊಂದು ಕಡೆ. ನಮ್ಮ ಮಗ ಇವರ ಹಾಗೆ ಇದಾನಾ? ದೇವರ ದಯೆ! ಇವರು ಕೇಳಿದ್ರಾ? ಕಂಪನಿಯವರ ಮೋಸ ಅಂದ್ರು. ಇಂಥ ಅನುಮಾನದ ಪಿಶಾಚಿನ ಎಲ್ಲಾದ್ರೂ ನೋಡಿದೀರಾ, ಬೀಗರೇ?"

ಸಾಹೇಬರು ಈ ಸಲ ತಾವೇ ಹೊಲಿಗೆ ಯಂತ್ರದ ಕಡೆ ನೋಡಿದರು.

ಮನೆಗೆ ಬಂದಾಗ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಮಹಡಿ ಹತ್ತಿದರೆ ಹೆಂಡತಿ ನಾಲ್ಕನೆಯ ಕುಂಡದ ಎದುರು ಮಣೆ ಹಾಕಿ ಕೂತಿದ್ದರು. ಗಲ್ಲದ ಮೇಲೆ ರಸ ಇಳಿದಿತ್ತು, ಮಡಿಲಲ್ಲಿ ತೊಟ್ಟುಗಳ ರಾಶಿ.

"ಅದು ಫೇಲಾಗಿದೆ ಕಣೇ! ಬಿರಿಯುತ್ತೆ, ತಳಿ ಯಾವುದು ಅಂತಾನೂ ಗೊತ್ತಿಲ್ಲ!"

"ಫೇಲು ಮಾಡಿದ್ದು ನೀವು. ನನ್ನ ಬಾಯಿಗೆ ಬಿರಿದರೇನು, ಬಿರಿಯದಿದ್ದರೇನು? ಅವತ್ತಿನ ರುಚೀನೇ ಇದು. ಸುಮ್ಮನೆ ಕೆಳಗೆ ಹೋಗಿ ಅನ್ನಕ್ಕಿಡಿ. ಹಸಿವಾಗ್ತಿದೆ."

ಸಾಹೇಬರು ಒಂದು ಹಣ್ಣು ಕಿತ್ತು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಹೆಂಡತಿಯ ಕೈಗೇ ಕೊಟ್ಟು ಕೆಳಗಿಳಿದರು. ಆಕೆ ಅಂದು ಎರಡನೆಯ ಸಲ ಬಡಿಸಿಕೊಂಡರು.

ಬೀಜದ ಸಹವಾಸ ಬೇಡ, ಎಲೆ ಬುಡದ ಸಂದಿಯಲ್ಲಿ ಬರುವ ಕಂಕುಳ ಚಿಗುರು ಮುರಿದು ನೀರಲ್ಲಿಟ್ಟರೆ ಅದೇ ಗಿಡ ಬರುತ್ತದೆ ಎಂದು ಬೀಗಿತ್ತಿ ಫೋನಿನಲ್ಲಿ ಹೇಳಿದರು. ಸಾಹೇಬರು ಇದನ್ನು ಬೇರೆ ಇಬ್ಬರನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ನಾಲ್ಕನೆಯ ಕುಂಡದಿಂದ ಐದು ಚಿಗುರು ಮುರಿದು ಲೋಟದಲ್ಲಿಟ್ಟರು. ಮೂರಕ್ಕೆ ಬೇರು ಬಂತು. ಎರಡನ್ನು ಇಟ್ಟುಕೊಂಡು ಒಂದನ್ನು ಬೀಗರಿಗೆ ಕೊಟ್ಟರು.