ಅಳಿಯ ಬದಲಾಯಿಸಿದ ಸೆಲ್ಲು

ಅಳಿಯ ದೊಡ್ಡ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಇದು ನೆನಪಾದಾಗಲೆಲ್ಲ ಅತ್ತೆಗೆ ನಗು ಉಕ್ಕುತ್ತಿತ್ತು. ಆಯುಷ್ಯವೆಲ್ಲ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಆಕೆ ಎಂತೆಂಥ ದಡ್ಡರನ್ನೋ ಕಂಡಿದ್ದರು. ಆದರೆ ಅವರಲ್ಲಿ ಯಾರೂ ಆಕೆಯ ಮಗಳನ್ನು ಮದುವೆಯಾಗಿರಲಿಲ್ಲ.

ಕೂಸಿಗೆ ಪೆಟ್ಟಾಗದಿರಲೆಂದು ಅಳಿಯ ಮಾಡಿಸಿದ್ದು ಒಂದೆರಡಲ್ಲ: ಮೇಜಿನ ಮೂಲೆಗಳಿಗೆಲ್ಲ ರಬ್ಬರು, ಮೆಟ್ಟಿಲಿಗೆ ಗೇಟು, ತೊಟ್ಟಿಲಿಗೆ ಕ್ಯಾಮೆರಾ. ಮನೆಗೆ ಬಂದವರಿಗೆಲ್ಲ ಇವನ್ನು ತೋರಿಸಿ ಭಾಷಣ ಬಿಗಿಯುತ್ತಿದ್ದ. ಅಂಥ ಮಹಾಶಯ ಬೆಳಿಗ್ಗೆ ತೂಕದ ಯಂತ್ರಕ್ಕೆ ಹೊಸ ಸೆಲ್ಲು ಹಾಕಿ, ಅಂಗಿ ಗುಂಡಿಯಂಥ ಹಳೆಯದನ್ನು ಸೋಫಾದ ಮೇಲೆ ಬಿಸಾಕಿ, ತನ್ನ ತೂಕ ಇಳಿದದ್ದಕ್ಕೆ ಹಿಗ್ಗಿದ್ದ.

ಮಧ್ಯಾಹ್ನ ಮೊಮ್ಮಗಳು ಒಂದೇ ಸಮನೆ ಜೊಲ್ಲು ಸುರಿಸತೊಡಗಿದಳು. ಆಗಷ್ಟೇ ನಡೆಯಲು ಕಲಿತ ಕೂಸು. ತುತ್ತು ಬಾಯಿಗಿಟ್ಟರೆ ಮುಖ ತಿರುಗಿಸಿ ಅಳುತ್ತಿದ್ದಳು.

"ಹಲ್ಲು ಬರ್ತಿದೆ ಅತ್ತೆ," ಎಂದ ಅಳಿಯ, ಫೋನಿನಿಂದ ತಲೆ ಎತ್ತದೆ.

ಅತ್ತೆ ಕೂಸಿನ ಬಾಯಿ ನೋಡಿದರು, ಸೋಫಾ ತಡಕಿದರು. "ಬೆಳಿಗ್ಗೆ ತೆಗೆದ ಸೆಲ್ಲು ಎಲ್ಲಿ?"

"ಇಲ್ಲೇ ಎಲ್ಲೋ ಇರುತ್ತೆ. ಸತ್ತ ಸೆಲ್ಲು ಬಿಡಿ, ಅದರಲ್ಲೇನಿದೆ? ನುಂಗಿದ್ರೂ ನಾಳೆ ಹೊರಗೆ ಬರುತ್ತೆ. ಒಂದು ಬಾಳೆಹಣ್ಣು ಕೊಡೋಣ."

ಅತ್ತೆಗೆ ಮೈಯೆಲ್ಲ ಉರಿದುಹೋಯಿತು. "ಬಾಳೆಹಣ್ಣು ನೀವೇ ತಿನ್ನಿ ಅಧಿಕಾರಿಗಳೇ. ಮಗೂಗೆ ಏನೂ ಕೊಡಬೇಡಿ. ಗಾಡಿ ತೆಗೀರಿ."

"ಸ್ವಲ್ಪ ಕಾದು ನೋಡಿದ್ರೆ..."

"ಏಳ್ರೀ ಮೇಲೆ!"

ಗಂಡನಿಗೆ ಎಂದೂ ಎದುರಾಡದ ಮಗಳು ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದಳು.

ಆಸ್ಪತ್ರೆಯಲ್ಲಿ ತೆಗೆದ ಎಕ್ಸ್-ರೇಯಲ್ಲಿ ಗಂಟಲಿನ ಕೆಳಗೆ ದುಂಡನೆಯ ಬಿಳಿ ಬಿಲ್ಲೆ, ಅದರ ಅಂಚಿನೊಳಗೆ ಇನ್ನೊಂದು ಉಂಗುರ. ನಾಣ್ಯ ಹೀಗೆ ಕಾಣುವುದಿಲ್ಲ ಎಂದರು ವೈದ್ಯೆ. "ಸತ್ತಿದೆ ಅಂತೀರಲ್ಲ, ಗಂಟಲು ಸುಡೋಕೆ ಅದರಲ್ಲಿ ಉಳಿದಿರೋ ಕರೆಂಟೇ ಸಾಕು. ಕೆಲವೇ ಗಂಟೆಗಳಲ್ಲಿ ತೂತು ಬೀಳಬಹುದು," ಎಂದು ಕೂಸನ್ನು ಒಳಗೆ ಒಯ್ದರು.

ಅಳಿಯ ಗೋಡೆಗೊರಗಿ ಬೆವರುತ್ತಿದ್ದ. "ಮೂಲೆಗೆಲ್ಲ ರಬ್ಬರು ಹಾಕಿದ್ದೆ ಅತ್ತೆ," ಎಂದ.

ಅತ್ತೆ ಆ ಮುಖವನ್ನು ನೋಡಲೂ ಇಲ್ಲ. ಇವನಿಗಿಂತ ಆ ಬಾಗಿಲ ಚಿಲಕಕ್ಕೆ ಬುದ್ಧಿ ಹೆಚ್ಚು ಅನ್ನಿಸಿತು.

ಸೆಲ್ಲು ಹೊರಬಂತು. ಗಂಟಲು ಸುಟ್ಟಿತ್ತು, ಪುಣ್ಯಕ್ಕೆ ತೂತು ಬಿದ್ದಿರಲಿಲ್ಲ. ಕೂಸಿಗೆ ಎಚ್ಚರವಾಯಿತೆಂದು ಒಳಗೆ ಬಿಟ್ಟಾಗ ಅತ್ತೆ ಎಲ್ಲರಿಗಿಂತ ಮುಂದೆ ಹೋಗಿ ಕೈ ಚಾಚಿದರು. ಕೂಸು ಅವರನ್ನು ದಾಟಿ ನೋಡಿತು. ಒಡಕು ದನಿಯಲ್ಲಿ "ಅಪ್ಪ" ಅಂದು, ಬಾಗಿಲಲ್ಲೇ ಹೆದರಿ ನಿಂತಿದ್ದ ಆ ದಡ್ಡನ ಕಡೆಗೆ ಎರಡೂ ಕೈ ನೀಡಿತು.

ಅತ್ತೆಗೆ ಹೊಟ್ಟೆ ಉರಿಯಿತು. ಅಳುವೂ ಬಂತು.

"ಏನ್ ನೋಡ್ತಾ ನಿಂತಿದ್ದೀರಿ? ಮಗು ಕರೀತಿದೆ," ಎಂದು ಪಕ್ಕಕ್ಕೆ ಸರಿದರು.