ಅಂಗುಲಪ್ಪನ ಟೇಪು

"ತಲೆ ಇನ್ನೂ ಸ್ವಲ್ಪ ಮೇಲಕ್ಕೆ ತಗೊಳ್ಳಿ," ಎಂದ ಎದುರುಮನೆಯ ಕಂಡಕ್ಟರ್. ಭುಜ ಹಿಡಿದಿದ್ದವರು ಮೇಲಕ್ಕೆ ತೆಗೆದುಕೊಂಡರು. ಆದರೂ ಹಿಮ್ಮಡಿಗಳು ಪೆಟ್ಟಿಗೆಯ ಅಂಚಿನ ಮೇಲೇ ನಿಂತವು. ಓರೆಯಾಗಿ ಇಳಿಸಿ ನೋಡಿದರು, ಆಗಲಿಲ್ಲ. ಮೊಣಕಾಲು ಮಡಿಸೋಣ ಎಂದವನನ್ನು ಉಳಿದ ಮೂವರು ದುರುಗುಟ್ಟಿ ನೋಡಿದರು. ಕೊನೆಗೆ ನಾಲ್ವರೂ ಸೇರಿ ದೇಹವನ್ನು ಮತ್ತೆ ಮಂಚದ ಮೇಲೆ ಮಲಗಿಸಿ ಬೆವರು ಒರೆಸಿಕೊಂಡರು.

ಪೆಟ್ಟಿಗೆ ಗಿಡ್ಡವಾಗಿತ್ತು.

ಮೂವತ್ತೊಂದು ವರ್ಷ ಈ ಊರಿನ ಒಂದೊಂದು ಮನೆಯನ್ನೂ ಆಸ್ತಿ ತೆರಿಗೆಗಾಗಿ ಅಳೆದ ಮನುಷ್ಯ ಹೀಗೆ ತನ್ನ ಪೆಟ್ಟಿಗೆಗೇ ಹೊಂದದೆ ಮಲಗಿದ್ದರು. ಪುರಸಭೆಯ ಕಡತಗಳಲ್ಲಿ ಅವರಿಗೆ ಬೇರೆ ಹೆಸರಿತ್ತು. ಊರಿಗೆ ಮಾತ್ರ ಅವರು ಅಂಗುಲಪ್ಪ. ಅವರು ಬೀದಿಗೆ ಕಾಲಿಟ್ಟರೆ ಜನ ಹೊಸ ಶೆಡ್ಡಿನ ಮೇಲೆ ಹಳೆಯ ಗೋಣಿಚೀಲ ಹೊದಿಸುತ್ತಿದ್ದರು. ಅವರು ಚಪ್ಪಲಿ ಬಿಚ್ಚಿ ಒಳಗೆ ಬಂದು, ಗೋಣಿಚೀಲವನ್ನು ಮೆಲ್ಲಗೆ ಸರಿಸಿ, ಅಳೆದು, ಮತ್ತೆ ಅದೇ ರೀತಿ ಹೊದಿಸಿ ಹೋಗುತ್ತಿದ್ದರು. ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿದವರಲ್ಲ. ಬಗಲಿನ ಚೀಲದಲ್ಲಿ ಅವರದೇ ಬಾಟಲಿ ಇರುತ್ತಿತ್ತು.

"ಅಳತೆ ತಗೊಂಡಿದ್ದು ನಾನೇ," ಎಂದಳು ಮಗಳು. ಅವಳು ಶಾಲೆಯ ಟೀಚರು, ಲೆಕ್ಕ ತಪ್ಪುವವಳಲ್ಲ. "ಐದಡಿ ಆರಂಗುಲ. ಅಪ್ಪನ ಟೇಪಲ್ಲೇ ಅಳೆದೆ. ಎರಡು ಸಲ."

ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ಬಟ್ಟೆಯ ಟೇಪಿನತ್ತ ಎಲ್ಲರೂ ನೋಡಿದರು. ಆ ಟೇಪನ್ನು ಅನುಮಾನಿಸುವ ಧೈರ್ಯ ಯಾರಿಗೂ ಇರಲಿಲ್ಲ.

"ಹಾಗಿದ್ರೆ ತಪ್ಪು ಬಡಗೀದು," ಎಂದ ಕಂಡಕ್ಟರ್, ಆಮೇಲೆ ನಾಲಗೆ ಕಚ್ಚಿಕೊಂಡ. ಬಡಗಿ ಬೇರೆ ಯಾರೂ ಅಲ್ಲ, ಅಂಗುಲಪ್ಪನವರ ಒಡಹುಟ್ಟಿದ ತಮ್ಮ. ಹದಿನೆಂಟು ವರ್ಷಗಳಿಂದ ಈ ಮನೆಯ ಹೊಸಿಲು ತುಳಿದಿರಲಿಲ್ಲ.

ಹಿಂದಿನ ದಿನ ಮಗಳು ಅವನ ಅಂಗಡಿಗೆ ಹೋಗಿದ್ದಳು. ಅವನು ಅಳತೆಯನ್ನು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಂಡ. "ತಲೆ ಕಡೆ ನೀವೇ ಹಿಡೀಬೇಕು ಚಿಕ್ಕಪ್ಪ. ಅಮ್ಮನಿಗೂ ಅದೇ ಆಸೆ," ಎಂದಳು. "ಪೆಟ್ಟಿಗೆ ಕಳಿಸ್ತೀನಿ. ನನ್ನನ್ನ ಮಾತ್ರ ಕರೀಬೇಡ," ಎಂದು ಅವನು ಬೆನ್ನು ತಿರುಗಿಸಿದ್ದ. ಅವಳು ದಾರಿಯುದ್ದಕ್ಕೂ ಅಳುತ್ತಾ ಬಂದಿದ್ದಳು. ಅಪ್ಪ ಸತ್ತಾಗ ಬಂದದ್ದಕ್ಕಿಂತ ಹೆಚ್ಚು ಅಳು ಆಗ ಬಂದಿತ್ತು.

ಈಗ ಅವಳು ಅಡುಗೆಮನೆಗೆ ಹೋಗಿ ಫೋನು ಮಾಡಿದಳು. ಬನ್ನಿ ಎನ್ನಲಿಲ್ಲ. "ಚಿಕ್ಕಪ್ಪ, ನಿಮ್ಮ ಅಳತೆ ತಪ್ಪಿದೆ," ಎಂದಷ್ಟೇ ಹೇಳಿ ಇಟ್ಟಳು.

ಹತ್ತು ನಿಮಿಷದಲ್ಲಿ ಬೀದಿಯಲ್ಲಿ ಸ್ಕೂಟರಿನ ಸದ್ದು ಕೇಳಿಸಿತು.

* * *

ಹದಿನೆಂಟು ವರ್ಷದ ಹಿಂದೆ ಪುರಸಭೆ ಊರನ್ನೆಲ್ಲ ಹೊಸದಾಗಿ ಅಳೆಸಿತ್ತು. ಗಿರಣಿಯ ಹಿಂದೆ ಸಾಲಾಗಿ ಹನ್ನೆರಡು ಮನೆಗಳಿದ್ದವು, ಅದರಲ್ಲಿ ಏಳನೆಯದು ತಮ್ಮನದು. ಹನ್ನೆರಡು ಮನೆಯವರೂ ಹಿತ್ತಲಲ್ಲಿ ಒಂದೊಂದು ಕೋಣೆ ಎಬ್ಬಿಸಿದ್ದರು. ಕಟ್ಟಿದ ಮೇಸ್ತ್ರಿ ಒಬ್ಬನೇ, ಬಾಗಿಲು ಕೂರಿಸಿದ ಬಡಗಿ ಈ ತಮ್ಮನೇ. ಹತ್ತಡಿ ಉದ್ದ ಮೀರದ ಕೋಣೆಗೆ ತೆರಿಗೆಯಿಲ್ಲ, ಮೀರಿದರೆ ಪೂರ್ತಿ ತೆರಿಗೆ ಎಂಬುದು ನಿಯಮ.

ಅಳತೆಯ ಪಟ್ಟಿಯನ್ನು ಕಚೇರಿಯ ಗೋಡೆಯ ಮೇಲೆ ಅಂಟಿಸಿದಾಗ ಹನ್ನೊಂದು ಕೋಣೆಗಳ ಮುಂದೆ ಒಂಬತ್ತಡಿ ಹತ್ತೂವರೆ ಅಂಗುಲ ಎಂದಿತ್ತು. ಏಳನೆಯ ಮನೆಯ ಮುಂದೆ ಮಾತ್ರ ಹತ್ತಡಿ ನಾಲ್ಕಂಗುಲ.

ಕೈಗೆ ಹತ್ತಿದ್ದ ಮರದ ಪುಡಿಯನ್ನೂ ಒರೆಸಿಕೊಳ್ಳದೆ ಕಚೇರಿಗೆ ಬಂದ ತಮ್ಮ. "ಒಬ್ಬನೇ ಮೇಸ್ತ್ರಿ ಒಂದೇ ದಾರ ಹಿಡಿದು ಕಟ್ಟಿದ ಕೋಣೆಗಳು. ನನ್ನದೊಂದು ಹೇಗೆ ಬೆಳೀತು?"

ಅಂಗುಲಪ್ಪ ಕಡತದಿಂದ ತಲೆ ಎತ್ತಲಿಲ್ಲ. "ನಿನ್ನ ಕೋಣೆ ಹತ್ತಡಿ ನಾಲ್ಕಂಗುಲ ಇದೆಯೋ ಇಲ್ವೋ?"

"ಇದೆ. ಮಿಕ್ಕವರದು?"

"ಮಿಕ್ಕವರದ್ದು ಮಿಕ್ಕವರು ಕೇಳ್ತಾರೆ."

"ಅವರ್ಯಾಕೆ ಕೇಳ್ತಾರೆ? ನೀನು ದೊಡ್ಡ ಮನುಷ್ಯ ಅನ್ನಿಸಿಕೊಳ್ಳೋಕೆ ನಾನೇ ಬೇಕಿತ್ತಾ?"

ಇಡೀ ಕಚೇರಿ ಕಿವಿಯಾಗಿತ್ತು. ಅಣ್ಣ ಕಡತದ ಹಾಳೆ ತಿರುವಿದ. ಅಂದು ನಿಂತ ಮಾತು ಮತ್ತೆ ಶುರುವಾಗಲೇ ಇಲ್ಲ. ತಮ್ಮ ಪ್ರತಿ ವರ್ಷ ಮೊದಲ ದಿನವೇ ಸಾಲಿನಲ್ಲಿ ನಿಂತು ಆ ಕೋಣೆಯ ತೆರಿಗೆ ಕಟ್ಟುತ್ತಿದ್ದ, ಪಕ್ಕದ ಮೇಜಿನಲ್ಲಿ ಕೂತ ಅಣ್ಣನಿಗೆ ಕಾಣುವಂತೆ ರಸೀದಿಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಡುತ್ತಿದ್ದ.

* * *

ಅಂಗಳದಲ್ಲಿ ಕುರ್ಚಿಗಳು ತುಂಬಿದ್ದವು. ಹಾರ ಹಿಡಿದು ಬಂದ ವಾರ್ಡಿನ ಸದಸ್ಯರಿಗೆ ಯಾರೋ ಎದ್ದು ಜಾಗ ಕೊಟ್ಟರು.

"ಶವದ ಗಾಡಿ ಬೀದಿ ಒಳಗೆ ಬರಲ್ವಂತೆ," ಎಂದರು ನಿವೃತ್ತ ಹೆಡ್ ಕ್ಲರ್ಕು. "ಚರಂಡಿಗೆ ಅಂತ ಅಗೆದು ಮೂರು ವರ್ಷ ಆಯ್ತು. ಮುಖ್ಯರಸ್ತೆ ತನಕ ಹೊತ್ಕೊಂಡೇ ಹೋಗ್ಬೇಕು."

"ದುಡ್ಡು ಎಲ್ಲಿದೆ ಸಾರ್, ಚರಂಡಿ ಮುಚ್ಚೋಕೆ?" ಎಂದರು ಸದಸ್ಯರು.

"ಕಚೇರಿ ಮುಂದೆ ಕಲ್ಲಿನ ಕಮಾನು ಕಟ್ಟೋಕೆ ಇತ್ತಲ್ಲ."

"ಅದು ಹಳೇ ಕತೆ ಬಿಡಿ. ಮುಂದಿನ ತಿಂಗಳು ಮತ್ತೆ ಎಲ್ಲಾ ಮನೆ ಅಳೆಸ್ತೀವಿ. ಆದ್ರೆ ಇವರಂಥವರು ಸಿಗಲ್ಲ. ಒಂದಂಗುಲ ಬಿಟ್ಟವರಲ್ಲ."

ಆಗ ಬಡಗಿ ಬಂದ. ಯಾರನ್ನೂ ಮಾತಾಡಿಸದೆ ಸಲಕರಣೆಯ ಚೀಲ ಹಿಡಿದು ನೇರ ಒಳಗೆ ನಡೆದ. ಹೊಸಿಲು ದಾಟುವಾಗ ಅವನ ಕಾಲು ಒಂದು ಗಳಿಗೆ ತಡೆಯಿತು. ಅಷ್ಟನ್ನು ಮಗಳು ಮಾತ್ರ ಕಂಡಳು.

"ನಲವತ್ತು ವರ್ಷದಲ್ಲಿ ಒಂದು ನೂಲು ತಪ್ಪಿಲ್ಲ ನಾನು," ಎಂದ. ಪೆಟ್ಟಿಗೆಯ ಒಳಗೆ ತನ್ನ ಉಕ್ಕಿನ ಟೇಪು ಚಾಚಿದ. "ಐದಡಿ ಎಂಟು. ನೀನು ಹೇಳಿದ್ದು ಐದಡಿ ಆರು, ಮೇಲೆ ಎರಡಂಗುಲ ಸಡಿಲ. ಸರಿ ಇದೆ." ಆಮೇಲೆ ಅಣ್ಣನ ಕಡೆ ತಿರುಗಿದ. ಮುಖ ನೋಡದೆ, ಪಾದದಿಂದ ಟೇಪು ಎಳೆದುಕೊಂಡು ಹೋದ. ತಲೆ ತಲುಪಿದಾಗ ನೋಡದೆ ವಿಧಿಯಿರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಐದಡಿ ಒಂಬತ್ತು," ಎಂದ ಮೆಲ್ಲಗೆ. "ಎಲ್ಲಿ, ನೀನು ಅಳೆದ ಟೇಪು ಕೊಡು."

ಮಗಳು ಮೊಳೆಯಿಂದ ಬಟ್ಟೆಯ ಟೇಪು ತೆಗೆದುಕೊಟ್ಟಳು. ಬಡಗಿ ಎರಡನ್ನೂ ಪೆಟ್ಟಿಗೆಯ ಅಂಚಿನ ಮೇಲೆ ಒಂದರ ಪಕ್ಕ ಒಂದಿಟ್ಟ. ಉಕ್ಕಿನದು ಐದಡಿ ಎಂಟು ತೋರಿಸುವ ಕಡೆ ಬಟ್ಟೆಯದು ಐದಡಿ ಐದು ತೋರಿಸುತ್ತಿತ್ತು. ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ದಿನವೂ ಎಳೆಸಿಕೊಂಡು ಆ ಬಟ್ಟೆ ಹಿಗ್ಗಿಹೋಗಿತ್ತು.

ಅವನು ಕೆಳಗೆ ಕೂತ. ಆಮೇಲೆ ಎರಡೂ ಟೇಪುಗಳನ್ನು ನೆಲದ ಮೇಲೆ ಅಡುಗೆಮನೆಯ ಬಾಗಿಲವರೆಗೆ ಹಾಸಿದ. ಉಕ್ಕಿನದನ್ನು ಹತ್ತಡಿ ನಾಲ್ಕಂಗುಲಕ್ಕೆ ನಿಲ್ಲಿಸಿ, ಬಟ್ಟೆಯದರ ಮೇಲೆ ಬಾಗಿ ನೋಡಿದ. ಒಂಬತ್ತಡಿ ಹತ್ತೂವರೆ. ಪಟ್ಟಿಯಲ್ಲಿ ಹನ್ನೊಂದು ಕೋಣೆಗಳ ಮುಂದಿದ್ದ, ಹದಿನೆಂಟು ವರ್ಷಗಳಿಂದ ಅವನ ನಿದ್ದೆ ಕೆಡಿಸಿದ್ದ ಸಂಖ್ಯೆ.

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು.

"ನನ್ನ ಕೋಣೆ ಅಳೆದಿದ್ದು ಇದರಲ್ಲಲ್ಲ ಅತ್ತಿಗೆ," ಎಂದ.

ಅವರು ಬೀರು ತೆಗೆದು, ಸೀರೆಗಳ ಕೆಳಗಿನಿಂದ ಚರ್ಮದ ಗೂಡಿನ ದುಂಡನೆಯ ಟೇಪೊಂದನ್ನು ತಂದು ಅವನ ಮುಂದಿಟ್ಟರು. ಉಕ್ಕಿನದು. ಹೊಸದರಂತೆ ಹೊಳೆಯುತ್ತಿತ್ತು.

"ಆ ವರ್ಷ ಕಚೇರಿಯಿಂದ ಕೊಟ್ಟಿದ್ದು. ಎರಡೇ ಸಲ ಆಚೆ ಬಂದಿದೆ," ಎಂದರು. "ಮಧ್ಯಾಹ್ನ ಊಟಕ್ಕೆ ಬಂದವರು ಊಟ ಬಿಟ್ಟು ಎರಡನ್ನೂ ಇಲ್ಲೇ ಹಾಸ್ಕೊಂಡು ಕೂತ್ರು. ನೀನು ಈಗ ಕೂತಿದ್ದೀಯಲ್ಲ, ಹಾಗೇನೇ. ಹಳೇದು ಹಿಗ್ಗಿದೆ ಅಂತ ಅವತ್ತೇ ಗೊತ್ತಾಯ್ತು. ಗಿರಣಿ ಮುಚ್ಚಿದ ವರ್ಷ ಅದು. ಜನರ ಕೈಯಲ್ಲಿ ಕಾಸಿಲ್ಲ, ಪುರಸಭೆಯವರು ಕಮಾನಿಗೋಸ್ಕರ ತೆರಿಗೆ ಎರಡರಷ್ಟು ಮಾಡಿದ್ರು. ಊರಿಗೆ ಹಳೇ ಟೇಪೇ ಇರ್ಲಿ, ನಮ್ಮನೆಗೆ ಮಾತ್ರ ಹೊಸದು ಅಂದ್ರು ನಿಮ್ಮಣ್ಣ."

"ಮತ್ತೆ ನನ್ನ ಮನೆ?"

"ನಾನೂ ಅದೇ ಕೇಳ್ದೆ. ಮೈದುನನ ಮನೆಗೆ ಯಾವುದು ಅಂತ." ಅತ್ತಿಗೆ ಸೆರಗಿನಿಂದ ಬಾಯಿ ಒತ್ತಿಕೊಂಡರು. "ಅದು ನಮ್ಮನೆ ಅಲ್ವೇನೇ ಅಂದ್ರು. ಮಾಡ್ತಿರೋದು ತಪ್ಪು ಅಂತ ಗೊತ್ತು ನಂಗೆ, ಆ ತಪ್ಪಲ್ಲಿ ನಮ್ಮನೆಗೆ ಪಾಲು ಬೇಡ ಅಂದ್ರು."

ಬಡಗಿಯ ಕೈ ಟೇಪಿನ ಮೇಲೇ ಇತ್ತು. "ನನಗೊಂದು ಮಾತು ಹೇಳ್ಬಹುದಿತ್ತು."

"ನಿನಗೆ ಹೇಳಿದ್ರೆ ಊರಿಗೆಲ್ಲ ತಮಟೆ ಹೊಡೆದ ಹಾಗೆ ಅಂತಿದ್ರು. ಆಣೆ ಹಾಕಿಸ್ಕೊಂಡಿದ್ರಪ್ಪ ನನ್ನ ಹತ್ರ. ನಿನ್ನ ಕೋಪ ಅವರಿಗೆ ಗೊತ್ತಿರ್ಲಿಲ್ವಾ?"

ಅದು ನಿಜ. ಆ ದಿನ ಕಚೇರಿಯಲ್ಲಿ ಅಣ್ಣ ಬಾಯಿ ಬಿಟ್ಟಿದ್ದರೆ ಅವನು ಸಂಜೆಯೊಳಗೆ ಹನ್ನೊಂದು ಮನೆಯ ಬಾಗಿಲನ್ನೂ ಬಡಿದಿರುತ್ತಿದ್ದ. ಅಣ್ಣನ ಕೆಲಸ ಹೋಗುತ್ತಿತ್ತು, ಹನ್ನೊಂದು ಕೋಣೆಗಳಿಗೂ ತೆರಿಗೆ ಬೀಳುತ್ತಿತ್ತು. ಅವನು ಈಗ ಅಣ್ಣನ ಮುಖವನ್ನು ನೇರವಾಗಿ ನೋಡಿದ. ಅಳು ಬಂತು. ತಡೆಯಲು ಹೋಗಲಿಲ್ಲ. ಮಗಳು ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು.

"ಏನಮ್ಮಾ ತಡ?" ಎನ್ನುತ್ತಾ ವಾರ್ಡಿನ ಸದಸ್ಯರು ಒಳಗೆ ಬಂದರು. ಅವರ ಹಿಂದೆ ಹೆಡ್ ಕ್ಲರ್ಕು, ಕಂಡಕ್ಟರ್, ಗಿರಣಿ ಸಾಲಿನ ಮನೆಗಳವರೂ ಬಾಗಿಲಿಗೆ ಮುತ್ತಿಕೊಂಡರು. "ಪೆಟ್ಟಿಗೆ ಗಿಡ್ಡ ಆಯ್ತಂತೆ? ಅಳೆದಿದ್ದು ಅವರ ಟೇಪಲ್ಲೇ ತಾನೆ? ಆಹಾ, ಇದೇನಾ ಅದು? ಕಚೇರಿಯಲ್ಲಿ ಗಾಜಿನ ಬೀರು ಮಾಡಿಸ್ತಿದೀವಿ, ಇದನ್ನ ಅಲ್ಲಿ ಇಡೋಣ. ಹೊಸ ಹುಡುಗರು ತಮ್ಮ ಅಳತೆನ ಇದಕ್ಕೆ ಹೋಲಿಸಿ ನೋಡ್ಕೊಳ್ಳಲಿ." ಅವರು ಕೈ ಚಾಚಿದರು.

ಬಡಗಿ ಬಟ್ಟೆಯ ಟೇಪನ್ನು ಸುತ್ತತೊಡಗಿದ. ಪೂರ್ತಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡ. ಅತ್ತಿಗೆ ಚರ್ಮದ ಗೂಡಿನ ಟೇಪನ್ನು ಸೆರಗಿನಡಿ ಮುಚ್ಚಿಕೊಂಡರು.

"ಟೇಪು ಸರಿಯಾಗೇ ಇದೆ," ಎಂದ ಬಾಗಿಲಾಚೆಯವರಿಗೂ ಕೇಳುವಂತೆ. "ನನ್ನ ಕೆಲಸ ತಪ್ಪಿತು. ಅಳತೆ ಸರಿಯಾಗಿ ಕೊಟ್ಟಿದ್ರು, ನಾನು ಹಲಗೆ ಕೊಯ್ಯೋವಾಗ ಕೆಡಿಸ್ದೆ."

ಊರಿನಲ್ಲಿ ಯಾರಾದರೂ ಈ ಮನುಷ್ಯನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

"ಟೇಪು?" ಎಂದರು ಸದಸ್ಯರು.

"ಅದು ಅಣ್ಣನದು. ಅವನ ಜೊತೇಲೇ ಹೋಗುತ್ತೆ."

ಕಂಡಕ್ಟರ್ ಸ್ಕೂಟರಿನಲ್ಲಿ ಹೋಗಿ ಅಂಗಡಿಯಿಂದ ಹಲಗೆ ತಂದ. ಬಡಗಿ ಅಂಗಳದಲ್ಲೇ, ಎಲ್ಲರ ಕಣ್ಣೆದುರು, ಪೆಟ್ಟಿಗೆಯ ಕಾಲಿನ ಕಡೆ ಬಿಚ್ಚಿ, ತಳಕ್ಕೂ ಪಕ್ಕಗಳಿಗೂ ಮುಚ್ಚಳಕ್ಕೂ ನಾಲ್ಕು ಬೆರಳಗಲ ಮರ ಸೇರಿಸಿದ. ಕೆಲಸಕ್ಕೆ ಒಂದು ತಾಸು ಹಿಡಿಯಿತು. ಗಿರಣಿ ಸಾಲಿನ ಯಾರೋ ಒಬ್ಬರು, ವಯಸ್ಸಾಯ್ತು ಪಾಪ, ಕೈ ಓಡಲ್ಲ ಎಂದದ್ದು ಅವನಿಗೆ ಕೇಳಿಸಿತು. ಅವನು ಉಳಿ ಕೆಳಗಿಟ್ಟು, ಹೊಸ ಅಂಚನ್ನು ಬೆರಳಿನಿಂದ ಸವರಿ, ಮತ್ತೆ ಕೆಲಸಕ್ಕೆ ಬಾಗಿದ.

ಈ ಸಲ ಅಂಗುಲಪ್ಪ ಸಲೀಸಾಗಿ ಮಲಗಿದರು. ಬಡಗಿ ಬಟ್ಟೆಯ ಟೇಪನ್ನು ಅವರ ಬಲಗೈಯ ಕೆಳಗಿಟ್ಟು, ಬೆರಳುಗಳನ್ನು ಅದರ ಮೇಲೆ ಮಡಿಸಿ, ಮುಚ್ಚಳ ಹಾಕಿದ. ಎಣಿಸಿ ಎಂಟು ಸ್ಕ್ರೂ ಬಿಗಿದ.

"ತಲೆ ಕಡೆ ಯಾರು?" ಎಂದು ಕಂಡಕ್ಟರ್ ಕೇಳುವಷ್ಟರಲ್ಲಿ ಬಡಗಿ ಅಲ್ಲಿ ನಿಂತಾಗಿತ್ತು.

ಅಗೆದುಬಿಟ್ಟ ಚರಂಡಿಯ ಪಕ್ಕದಲ್ಲಿ ಇಬ್ಬರು ಪಕ್ಕಪಕ್ಕ ಹೋಗುವಷ್ಟೇ ದಾರಿಯಿತ್ತು. ಗಿರಣಿ ಸಾಲಿನವರು ಹೆಗಲು ಬದಲಾಯಿಸಲು ಮುಂದೆ ಬಂದಾಗ ಮೂರು ಮೂಲೆಯವರು ಬಿಟ್ಟುಕೊಟ್ಟರು. ಬಡಗಿ ಬೇಡವೆಂದು ತಲೆಯಾಡಿಸಿದ. ಪೆಟ್ಟಿಗೆಯೆಲ್ಲ ಕಡುಕಂದು ಬಣ್ಣ ಬಳಿದ ಮರ. ಕಾಲಿನ ಕಡೆ ಮಾತ್ರ ನಾಲ್ಕು ಬೆರಳಗಲ ಬಣ್ಣ ಕಾಣದ ಬಿಳಿ ಹಲಗೆ ಬಿಸಿಲಿಗೆ ಹೊಳೆಯುತ್ತಾ, ಹಿಂದೆ ನಡೆದು ಬರುತ್ತಿದ್ದ ಊರಿಗೆಲ್ಲ ಮುಖ್ಯರಸ್ತೆಯವರೆಗೂ ಕಾಣುತ್ತಿತ್ತು.